ಕ್ವಾರಿ ಅಂದಿದ್ದೆ

ನಮ್ಮ ಭೂಕಂಪ ಕೇಂದ್ರದಲ್ಲಿ ಒಂದು ಅಭ್ಯಾಸವಿದೆ. ಹಗಲು ಹೊತ್ತು ಕಲ್ಲುಕ್ವಾರಿಯ ಹತ್ತಿರ ಸಣ್ಣ ಕಂಪನ ಕಂಡರೆ, ಬಂಡೆ ಸಿಡಿಸಿದ್ದು ಅಂತ ಗುರುತು ಹಾಕಿ ಪಟ್ಟಿಯಿಂದ ತೆಗೆದುಬಿಡುವುದು. ಈ ವಾರ ಹಾಗೆ ಒಂಬತ್ತನ್ನು ನಾನೇ ತೆಗೆದಿದ್ದೆ. ಆ ಕ್ವಾರಿಯ ಪಕ್ಕದ ಬೀದಿಯಲ್ಲೇ ಅಕ್ಕನ ಮನೆ. ಮೂರು ಮಹಡಿಯ ಹಳೇ ಕಟ್ಟಡ. ಗುರುವಾರ ಅವಳು ಫೋನ್ ಮಾಡಿ, "ಪಾತ್ರೆಗಳೆಲ್ಲ ಗಡಗಡ ಅಂತಿವೆ ಕಣೇ, ಎಲ್ಲರೂ ಮೈದಾನದಲ್ಲಿ ಕೂತಿದೀವಿ" ಅಂದಳು. "ಕ್ವಾರಿ ಅದು, ಪುಕ್ಕಲಿ! ಒಳಗೆ ಹೋಗಿ ಊಟ ಮಾಡು" ಅಂತ ರೇಗಿಸಿದ್ದೆ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಹತ್ತನೆಯದು ಬಂತು. ಅದೇ ಗುರುತು ಹಾಕಲು ಹೋದ ಕೈ ತಟ್ಟನೆ ನಿಂತಿತು. ಭಾನುವಾರ ಯಾವ ಪುಣ್ಯಾತ್ಮ ಬಂಡೆ ಸಿಡಿಸ್ತಾನೆ? ಕ್ವಾರಿ ಮ್ಯಾನೇಜರಿಗೆ ಫೋನ್ ಮಾಡಿದೆ.

"ಲೈಸೆನ್ಸ್ ಮುಗಿದು ಎರಡು ವಾರ ಆಯ್ತಲ್ಲ ಮೇಡಂ. ಒಂದು ಪಟಾಕಿನೂ ಹೊಡೆದಿಲ್ಲ."

ಒಂಬತ್ತನ್ನೂ ಪಟ್ಟಿಗೆ ವಾಪಸ್ ಸೇರಿಸಿ ನೋಡಿದೆ. ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದವು. ಸಮಾಧಾನರಾಯರೆಂದೇ ನಾವು ಕರೆಯುವ ನಮ್ಮ ಹಿರಿಯ ವಿಜ್ಞಾನಿ ಗಡ್ಡ ಕೆರೆದುಕೊಂಡು, "ಸಂಜೆ ಸಮಿತಿ ಸೇರುತ್ತೆ. ಅಲ್ಲಿವರೆಗೆ ಯಾರ ಹತ್ತಿರಾನೂ ಉಸಿರೆತ್ತಬೇಡ" ಅಂದರು. ಸಮಿತಿಯಂತೆ, ಮಣ್ಣಂತೆ! ಅವರೆದುರೇ ಅಕ್ಕನಿಗೆ ಫೋನ್ ಮಾಡಿದೆ.

"ಹೊರಗೆ ಬಾ. ಈಗಲೇ."

"ಅಯ್ಯೋ, ಕ್ವಾರಿ ಅಂದ್ಯಲ್ಲೇ! ನನ್ನ ತಂಗಿ ವಿಜ್ಞಾನಿ, ಅವಳೇ ಹೇಳಿದಾಳೆ ಅಂತ ಇಡೀ ಕಟ್ಟಡದವರನ್ನ ಒಳಗೆ ಕರ್ಕೊಂಡು ಬಂದಿದೀನಿ."

"ತಪ್ಪು ಹೇಳಿದೆ ಅಕ್ಕಾ."

"ದೊಡ್ಡದು ಬರುತ್ತಾ?"

"ಗೊತ್ತಿಲ್ಲ. ಬರಬಹುದು, ಬರದೇನೂ ಇರಬಹುದು. ಇಳಿಯೇ, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಫೋನ್ ಇಡಲಿಲ್ಲ. ಬಾಗಿಲು ಬಡಿಯುವ ಸದ್ದು, ಯಾರೋ ಬೈಯುವುದು, ಮಕ್ಕಳ ಅಳು. ಹತ್ತು ನಿಮಿಷ ಹಾಗೇ ಕಿವಿಗೆ ಒತ್ತಿಕೊಂಡು ನಿಂತೆ. ಪರದೆಯ ಮೇಲಿನ ಗೆರೆ ಒಮ್ಮೆ ಅಲುಗಿತು, ಮತ್ತೆ ಸುಮ್ಮನಾಯಿತು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಎಲ್ಲರೂ ಇಳಿದ್ರಾ?" ಅಂತ ಕೂಗಿದೆ.

"ಇಳಿದ್ರು." ಅಕ್ಕನಿಗೆ ಏದುಸಿರು. "ಮೂರನೇ ಮಹಡಿ ಅಜ್ಜ ಮಾತ್ರ ಹಾಸಿಗೆ ಬಿಟ್ಟು ಏಳಲ್ಲ ಅಂತಿದಾರೆ. ನಿನ್ನ ತಂಗಿ ಏನೂ ಇಲ್ಲ ಅಂದಿದ್ಳಲ್ಲಮ್ಮಾ ಅಂತ ನನಗೇ ಸಮಾಧಾನ ಹೇಳ್ತಿದಾರೆ."

"ಅವರನ್ನ ಬಿಟ್ಟು ಬಾರೇ!"

"ಗುರುವಾರ ಅವರ ಕೈ ಹಿಡಿದು ಮೇಲೆ ಹತ್ತಿಸಿದವಳು ನಾನೇ ಕಣೇ," ಅಂದಳು. "ಫೋನ್ ಅವರ ಕಿವಿಗೆ ಹಿಡೀತೀನಿ. ನೀನೇ ಹೇಳು."