ನೆವಿಲ್‌ಗೆ ಹೇಳದೆ ಇಳಿಸಿದ ಶ್ರುತಿ

ನೆವಿಲ್ ಲಾಕ್‌ವುಡ್ ಜಂಬದ ಕೋಳಿ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವನ ಮುಖಕ್ಕೇ ಎಷ್ಟೋ ಸಲ ಹೇಳಿದ್ದೇನೆ. ಇಂಗ್ಲೆಂಡಿನ ಬಾರ್ನ್ಸ್‌ಲಿಯ ಹತ್ತಿರದ ನಮ್ಮ ಕಲ್ಲಿದ್ದಲು ಗಣಿಯೂರಿನಲ್ಲಿ ಒಂದೇ ಬೀದಿಯಲ್ಲಿ ಹುಟ್ಟಿದವರು ನಾವು. ಅವನು ಹಾಡುತ್ತಿದ್ದ, ಡೆಸ್ಮಂಡ್ ಗಿಟಾರ್ ನುಡಿಸುತ್ತಿದ್ದ, ನಾನು ಸ್ಟ್ಯಾನ್, ಬೇಸ್ ಗಿಟಾರ್ ಹಿಡಿದವನು. ಡ್ರಮ್ಮಿಗೆ ಮಾತ್ರ ಯಾರೂ ನಿಲ್ಲಲಿಲ್ಲ, ಯಾಕೆಂದರೆ ನೆವಿಲ್‌ನ ಬಾಯಿಯನ್ನು ಸಹಿಸುವ ಮೂರನೆಯ ಮನುಷ್ಯ ಸಿಗಲಿಲ್ಲ.

೧೯೭೩ರಲ್ಲಿ ನಮ್ಮದೊಂದು ಹಾಡು ಗೆದ್ದಿತು. 'ಮಾರ್ಗರೆಟ್, ಗೇಟು ಹಾಕಬೇಡ.' ಮಾರ್ಗರೆಟ್ ಯಾರು ಎಂದು ಪತ್ರಿಕೆಯವರು ಕೇಳಿದ್ದೇ ಕೇಳಿದ್ದು. ಯಾರೂ ಅಲ್ಲ ಮಾರಾಯರೆ, ಹೆಸರು ತಾಳಕ್ಕೆ ಕೂತಿತು ಅಷ್ಟೆ. ಆದರೆ ಕೊನೆಯಲ್ಲಿ ನೆವಿಲ್ ಆ ಹೆಸರನ್ನು ಕೂಗುತ್ತಾ ಮೇಲೆ ಮೇಲೆ ಹೋಗುತ್ತಿದ್ದನಲ್ಲ, ಅದಕ್ಕೆ ಇಡೀ ಇಂಗ್ಲೆಂಡ್ ಬಾಯಿ ಬಿಟ್ಟುಕೊಂಡು ಕೂತಿತ್ತು. ಟಿವಿಗೆ ಹೋದೆವು, ಜರ್ಮನಿಗೆ ಹೋದೆವು, ಉದ್ದ ಕೂದಲು ಬಿಟ್ಟು ಹೆಂಗಸರ ಕೋಟು ತೊಟ್ಟು ಕುಣಿದೆವು. ಎರಡನೆಯ ರೆಕಾರ್ಡ್ ಮುಗ್ಗರಿಸಿತು, ಮೂರನೆಯದನ್ನು ಕೇಳುವವರೇ ಇರಲಿಲ್ಲ. ನೆವಿಲ್ ಬ್ರೆಡ್ ವ್ಯಾನ್ ಓಡಿಸಿದ, ನಾನು ಮತ್ತೆ ಗಣಿಗಿಳಿದೆ. ಗಣಿ ಮುಚ್ಚಿದ ಮೇಲೆ, ಹಳೆಯ ಹಾಡುಗಳಿಗೆ ಕಣ್ಣೀರು ಹಾಕುವ ವಯಸ್ಸಿನವರು ಊರ ತುಂಬ ಆದರು ನೋಡಿ, ಆಗ ನಮ್ಮನ್ನು ಪುನಃ ಕರೆಯತೊಡಗಿದರು. ಸಮುದ್ರ ತೀರದ ಊರುಗಳು, ಕಾರ್ಮಿಕರ ಕ್ಲಬ್ಬುಗಳು. ಎಲ್ಲ ಕಡೆಯೂ ಮಾರ್ಗರೆಟ್ಟೇ ಬೇಕು.

ನೆವಿಲ್‌ನ ಹೆಂಡತಿ ಬ್ರೆಂಡಾ ತೀರಿಕೊಂಡ ಚಳಿಗಾಲದಲ್ಲಿ, ಕ್ಲೀಥಾರ್ಪ್ಸ್ ಎಂಬ ತೀರದ ಊರಿನಲ್ಲಿ ಹಾಡುವಾಗ, ಅವನ ಗಂಟಲು ಆ ಮೇಲಿನ ಜಾಗದಲ್ಲಿ ಒಡೆಯಿತು. ಅವನು ಕೋಣೆಯ ಬಾಗಿಲು ಹಾಕಿಕೊಂಡು ಕೂತ.

"ಮಾರ್ಗರೆಟ್ ಹೋದ್ಲು ಅಂದ್ರೆ ನಾನೂ ಹೋದೆ ಅಂತ ತಿಳ್ಕೊ ಸ್ಟ್ಯಾನ್. ಇನ್ನೇನಿದೆ ನಂಗೆ?" ಎಂದ. ನಿಜವಾಗಿ ಏನೂ ಇರಲಿಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಡುಗೆಮನೆಯಲ್ಲಿ ಒಂದು ಕುರ್ಚಿ, ಒಂದು ತಟ್ಟೆ.

ಮರುದಿನ ಡೆಸ್ಮಂಡ್ ನನಗೆ ಕಣ್ಣು ಹೊಡೆದು ಗಿಟಾರಿನ ತಂತಿಗಳನ್ನು ಅರ್ಧ ಸ್ವರ ಸಡಿಲಿಸಿದ. ನಾನೂ ಸಡಿಲಿಸಿದೆ. ಶ್ರುತಿ ಅಷ್ಟು ಇಳಿದರೆ ಹಾಡುವವನು ಅಷ್ಟು ಮೇಲೆ ಹೋಗಬೇಕಿಲ್ಲ. ನೆವಿಲ್ ಯಾವ ವಾದ್ಯವನ್ನೂ ಕಲಿತವನಲ್ಲ. ಡೆಸ್ಮಂಡ್ ಕೊಟ್ಟ ಸ್ವರ ಹಿಡಿದು ಹಾಡುವವನು. ಹಾಡಿದ. ಮಾರ್ಗರೆಟ್ ಸಲೀಸಾಗಿ ಬಂದಳು. ಅವನ ಮುಖ ಹಬ್ಬದ ಮನೆಯ ಹಾಗಾಯಿತು. ಬೇರೆ ಬ್ಯಾಂಡಿನವರೂ ಹೀಗೆ ಮಾಡುತ್ತಾರೆ, ಆದರೆ ಹಾಡುವವನಿಗೆ ಹೇಳಿ ಮಾಡುತ್ತಾರೆ. ನಾವು ಹೇಳಲಿಲ್ಲ. ಕೆಲವು ವರ್ಷಕ್ಕೆ ಇನ್ನರ್ಧ ಇಳಿಸಿದೆವು, ಆಮೇಲೆ ಇನ್ನೂ ಸ್ವಲ್ಪ.

ಇದರ ಪೆಟ್ಟು ಬಿದ್ದದ್ದು ನನಗೆ. ಅಷ್ಟು ಸಡಿಲವಾದ ಬೇಸ್ ತಂತಿ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ, ಗೊರಗೊರ ಎನ್ನುತ್ತದೆ. "ಬೇಸ್ ವಾದಕರಿಗೆ ವಯಸ್ಸು ಕಾಣಿಸತೊಡಗಿದೆ" ಎಂದು ಪತ್ರಿಕೆಯಲ್ಲಿ ಬಂತು. ನೆವಿಲ್‌ಗೆ ಅಷ್ಟು ಸಾಕಾಯಿತು. ಪ್ರತಿ ವೇದಿಕೆಯ ಮೇಲೂ ಶುರು: "ಇವ್ನು ನಮ್ ಸ್ಟ್ಯಾನ್. ಬೆರಳಿಗೆ ವಾತ ಬಡಿದಿದೆ ಪಾಪ, ಜೋರಾಗಿ ಚಪ್ಪಾಳೆ ತಟ್ಟಿ, ಕಿವೀನೂ ಅಷ್ಟಕ್ಕಷ್ಟೇ!" ಜನ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಲ್ಲು ಕಚ್ಚಿ ನಿಲ್ಲುತ್ತಿದ್ದೆ.

ಹೀಗಿರುವಾಗ ನಮ್ಮೂರ ಗಣಿ ಕೆಲಸಗಾರರ ಹಿತ್ತಾಳೆ ವಾದ್ಯಗಳ ಬ್ಯಾಂಡ್‌ಸೆಟ್‌ನವರ ಅಭ್ಯಾಸದ ಮನೆಯ ಸೂರು ಸೋರಲು ಹತ್ತಿತು. ಗಣಿ ಹೋದರೂ ಬ್ಯಾಂಡ್‌ಸೆಟ್ ಉಳಿದಿದೆ. ಅದನ್ನು ನಡೆಸುವವಳು ಆಡ್ರಿ ಲಂಬ್, ಬಸ್ ಓಡಿಸಿ ನಿವೃತ್ತಳಾದವಳು, ತುತ್ತೂರಿ ಊದುವುದರಲ್ಲಿ ಪಳಗಿದವಳು, ಬಾಯಿಯೂ ಬಸ್ಸಿನಂತೆಯೇ, ಅಡ್ಡ ಬಂದವರು ಸರಿಯಬೇಕು. ಸೂರಿನ ಸಹಾಯಾರ್ಥ ಕ್ಲಬ್ಬಿನಲ್ಲಿ ಸಂಗೀತ ಸಂಜೆ. ಅವಳು ಪಬ್‌ನಲ್ಲಿ ನೆವಿಲ್‌ನನ್ನು ಹಿಡಿದು, ಮಾರ್ಗರೆಟ್‌ಗೆ ನಾವೂ ನುಡಿಸುತ್ತೇವೆ, ಯಾವ ಶ್ರುತಿ, ಎಂದು ಕೇಳಿದಳಂತೆ. ಇವನು ಎದೆ ತಟ್ಟಿಕೊಂಡನಂತೆ. "ರೆಕಾರ್ಡಲ್ಲಿರೋದೇ! ಬೇರೆ ಮುದುಕ್ರು ಇಳಿಸ್ಕೊಂಡಿರ್ಬೋದು. ಲಾಕ್‌ವುಡ್ ಇಳಿಸಲ್ಲ!"

ಇದು ನಮಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ನಿಂತಾಗ. ಕಾರ್ಯಕ್ರಮ ಅದೇ ಸಂಜೆ. ನಾನು ಆಡ್ರಿಯನ್ನು ಮೂಲೆಗೆ ಕರೆದು ವಿಷಯ ಹೇಳಿದೆ.

"ತಂತಿಯಾದ್ರೆ ತಿರುಪಿ ಸಡಿಲ ಮಾಡ್ಬೋದು ಸ್ಟ್ಯಾನ್. ಹಿತ್ತಾಳೆ ಕೊಳವೇನ ಏನ್ ಮಾಡ್ಲಿ, ಜಗ್ಗಲಾ?" ಎಂದಳು. "ಒಬ್ಬೊಬ್ಬರ ವಾದ್ಯಕ್ಕೂ ಬೇರೆ ಬೇರೆ ಸ್ವರ ಬರ್ದಿರುತ್ತೆ. ಎಲ್ಲಾನೂ ಸಂಜೆಯೊಳಗೆ ಇಳಿಸಿ ಬರೆದು ಕೊಡೋಕೆ ನನ್ನಿಂದಾಗಲ್ಲ. ಅವನಿಗೆ ಹೇಳ್ಬಿಡಿ."

"ಹೇಗಮ್ಮಾ ಹೇಳೋದು?"

"ಬಾಯಲ್ಲಿ!"

ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಸುಮ್ಮನೆ ತಂತಿಗಳನ್ನು ಬಿಗಿದೆವು. ಅಷ್ಟು ವರ್ಷಗಳ ಮೇಲೆ ನನ್ನ ಬೇಸ್ ತನ್ನ ದನಿಯಲ್ಲಿ ಮಾತಾಡಿತು, ಗಟ್ಟಿಯಾಗಿ, ದುಂಡಗೆ. ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

"ಓಹೋ! ಬೆರಳಿಗೆ ಎಣ್ಣೆ ಹಚ್ಕೊಂಡ್ ಬಂದಿದೀಯೇನೋ ಇವತ್ತು?" ಎಂದ ನೆವಿಲ್, ನಗುತ್ತಾ.

ಆಡ್ರಿ ಕೈ ಎತ್ತಿದಳು. ಹಿತ್ತಾಳೆಯೆಲ್ಲ ಒಟ್ಟಿಗೆ ಎದ್ದಿತು. ನೆವಿಲ್ ಮೊದಲ ಚರಣ ಹಾಡಿದ, ಎರಡನೆಯದಕ್ಕೆ ಕತ್ತಿನ ನರ ಉಬ್ಬಿತು. ಕೊನೆಗೆ 'ಮಾರ್ಗರೆಟ್' ಎಂದು ಮೇಲೆ ಹೋದವನ ದನಿ ಸೀಳಿ, ಕೆಮ್ಮಾಗಿ ನಿಂತಿತು. ಇನ್ನೊಮ್ಮೆ ಎಂದ. ಇನ್ನೊಮ್ಮೆಯೂ ಹಾಗೆಯೇ.

"ನಿಮ್ಮೋರು ಜಾಸ್ತಿ ಮೇಲೆ ನುಡಿಸ್ತಿದಾರೆ ಆಡ್ರಿ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ರೆಕಾರ್ಡಲ್ಲಿರೋದೇ ನೆವಿಲ್."

ಅವನು ಡೆಸ್ಮಂಡ್‌ನತ್ತ ನೋಡಿದ. ಡೆಸ್ಮಂಡ್ ತನ್ನ ಬೂಟು ನೋಡಿಕೊಂಡ. ನೆವಿಲ್ ನನ್ನತ್ತ ತಿರುಗಿದ.

"ಕ್ಲೀಥಾರ್ಪ್ಸ್ ಆದಾಗಿಂದ ಶ್ರುತಿ ಇಳಿಸ್ತಾ ಬಂದಿದೀವಿ ಕಣೋ," ಎಂದೆ.

ಅವನು ಮೈಕನ್ನು ಮೆತ್ತಗೆ ಅದರ ಜಾಗದಲ್ಲಿಟ್ಟು, ಬಿಯರ್ ಪೀಪಾಯಿಗಳ ಕೋಣೆಗೆ ಹೋದ. ಹಿಂದೆಯೇ ಹೋದೆ. ಒಂದು ಪೀಪಾಯಿಯ ಮೇಲೆ ಕೂತಿದ್ದ.

"ಮಗು ಅಂದ್ಕೊಂಡ್ರಾ ನನ್ನ? ಊರೂರಲ್ಲಿ ಎದೆ ತಟ್ಕೊಂಡು ಹೇಳ್ತಿದ್ನಲ್ಲೋ. ಹಿಂದೆ ನಿಂತು ನಗ್ತಿದ್ರಾ ಇಬ್ರೂ?"

"ನಗೋದಾ! ಯಾವ ದಿನ ಸಿಕ್ಕಿಬೀಳ್ತೀವೋ ಅಂತ ಹೆದರಿ ಸಾಯ್ತಿದ್ವಿ."

 ಅವನು ತಲೆಯೆತ್ತಿ ನನ್ನ ಕೈ ನೋಡಿದ. "ಹಾಗಾದ್ರೆ ನಿನ್ ಬೆರಳು?"

"ಬೆರಳಿಗೇನಾಗಿದೆ? ಸಡಿಲ ತಂತಿಯಲ್ಲಿ ದೇವ್ರು ಬಂದ್ರೂ ಹಾಗೇ ಗೊರಗೊರ ಅನ್ನುತ್ತೆ."

"ದಿನಾ ಆಡ್ಕೋತಿದ್ನಲ್ಲೋ ಜನರೆದುರಿಗೆ. ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮನೆ ಸೇರ್ತಿದ್ದೆ. ಆ ಅಡುಗೆಮನೇಲಿ ಒಬ್ಬನೇ ಕೂತು ಸತ್ತೇ ಹೋಗ್ತಿದ್ದೆ. ನಿನ್ನ ಹೆಣ ಹೊರೋದಕ್ಕಿಂತ ಬೈಸ್ಕೊಳೋದು ವಾಸಿ ಅನ್ನಿಸ್ತು, ಬೈಸ್ಕೊಂಡೆ."

ಅವನು ಎದ್ದು ಬಂದು ನನ್ನ ಭುಜ ಹಿಡಿದುಕೊಂಡ.   ಕೊನೆಗೆ, "ಆಡ್ರಿ ಹತ್ರ ಮಾತಾಡ್ಬೇಕು," ಎಂದು ಹೊರಟ. ಏನು ಮಾತಾಡಿದನೆಂದು ನಮಗೆ ಹೇಳಲಿಲ್ಲ. ಹಾಡು ಬಿಡುತ್ತಾನೋ, ಮನೆಗೆ ಹೋಗುತ್ತಾನೋ ಎಂದು ಮಧ್ಯಾಹ್ನವೆಲ್ಲ ಬಾಗಿಲ ಕಡೆಯೇ ನೋಡುತ್ತಿದ್ದೆ.

ಸಂಜೆ ಕ್ಲಬ್ ಕಿಕ್ಕಿರಿದಿತ್ತು. ನಮ್ಮ ಕ್ಲಬ್ಬಿನಲ್ಲಿ ದೇವರೇ ಬಂದು ಹಾಡಿದರೂ ನಡುವೆ ಹೌಸಿ ಎಂಬ ಅಂಕಿ ಆಟಕ್ಕೆ ನಿಲ್ಲಿಸಲೇಬೇಕು. ಆಟ ಮುಗಿದು, ಬಟಾಣಿಯ ಜತೆ ಪೈ ತಿಂದು, ಮಾಂಸದ ಬುಟ್ಟಿ ಬಹುಮಾನದ ಲಾಟರಿ ಎತ್ತಿದ ಮೇಲೆ ಮಾರ್ಗರೆಟ್‌ನ ಸರದಿ ಬಂತು.

ನೆವಿಲ್ ಮೈಕ್ ಹಿಡಿದ. "ಅಣ್ಣಂದಿರಾ, ಅಕ್ಕಂದಿರಾ, ನಾನು ನಿಮಗೆ ಸುಳ್ಳು ಹೇಳ್ತಾ ಬಂದೆ. ಸುಳ್ಳು ಅಂತ ನಂಗೇ ಗೊತ್ತಿರ್ಲಿಲ್ಲ. ಈ ಹಾಡು ಇವತ್ತು ರೆಕಾರ್ಡಿನ ನಿಜವಾದ ಶ್ರುತಿಯಲ್ಲಿರುತ್ತೆ. ನಾನು ಎಲ್ಲಿವರೆಗೆ ಹೋಗ್ತೀನೋ ಅಲ್ಲಿವರೆಗೆ ಹೋಗ್ತೀನಿ."

ಹಾಡಿದ. ದನಿ ಒರಟಾಗಿತ್ತು, ಎರಡನೆಯ ಚರಣ ಏದುಸಿರಾಗಿತ್ತು, ಆದರೂ ಹಾಡಿದ. ಕೊನೆಯ ಸಾಲು ಬಂದಾಗ ಮೈಕ್ ಬಿಟ್ಟು ಹಿಂದೆ ಸರಿದು ನನ್ನ ಪಕ್ಕದಲ್ಲಿ ನಿಂತುಕೊಂಡ. ಆಡ್ರಿ ತಾಳ ತೋರಿಸುವ ಕೋಲನ್ನು ಕೆಳಗಿಟ್ಟು, ತನ್ನ ತುತ್ತೂರಿ ಎತ್ತಿ, ಮಾರ್ಗರೆಟ್‌ಳನ್ನು ತಾನೇ ಕರೆದಳು. ಸ್ವರ ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ. ನನ್ನ ಬೆರಳು ನುಡಿಸುವುದನ್ನೇ ಮರೆಯುವುದರಲ್ಲಿತ್ತು.

ನೆವಿಲ್ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಷ್ಟು ಮೇಲಿತ್ತೇನೋ ಅದು?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ಹೂಂ."

"ಅದನ್ನ ನಾನು ಹಾಡ್ತಿದ್ನಾ?"

"ನೀನೇ ಕಣೋ," ಎಂದೆ. "ದಿನಾ ಹಾಡ್ತಿದ್ದೆ."