ಕಬೀರಾಳ ಡಾಬು, ಮನೆಯ ಸಂಚಕಾರ

ಬಾಡಿಗೆ ಮನೆಯಲ್ಲಿ ಇರುವವರಿಗೆ ಮಾಲೀಕರ ಕೆಮ್ಮಿನ ಅರ್ಥ ಗೊತ್ತಿರುತ್ತದೆ. ಅರಬ್ ನಾಡಿನ ಕಡಲತೀರದ ಅಲ್ ಜದೀದಾ ಪಟ್ಟಣದ ಹಳೇ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಾಜಿ ಅಬ್ಬಾಸ್ ಮೆಟ್ಟಿಲ ಬುಡದಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಬಾಡಿಗೆ ಕೇಳಲು ಬಂದಿದ್ದಾರೆ ಎಂದರ್ಥ. ಕೆಮ್ಮು ಮುಂದುವರಿದರೆ ನೀರಿನ ಬಿಲ್ಲೂ ಬಂದಿದೆ. ಆ ದಿನ ಅವರು ಕೆಮ್ಮಲೇ ಇಲ್ಲ. ನೇರ ಮೇಲೆ ಹತ್ತಿ ಬಂದರು, ಪುದೀನಾ ಚಹಾ ಕುಡಿದರು, ಲೋಟ ಕೆಳಗಿಟ್ಟು ಮಾತು ತೆಗೆದರು.

“ಮಗಳೇ ಕಬೀರಾ, ನಮ್ಮ ಹುಡುಗನಿಗೆ ಹೆಣ್ಣು ಗೊತ್ತಾಯ್ತು. ಬಕ್ರೀದ್ ಆದ್ಮೇಲೆ ಈ ಎರಡು ಕೋಣೆ ನಮಗೇ ಬೇಕು. ಹೊರಗೆ ಹಾಕ್ತಿದಾರೆ ಅಂತ ತಿಳ್ಕೋಬೇಡಮ್ಮ.”

ಮತ್ತೇನೆಂದು ತಿಳಿದುಕೊಳ್ಳುವುದು? ಹಾಜಿ ಇಳಿದು ಹೋದ ಮೇಲೆ ಕಬೀರಾ ಹೊಲಿಗೆ ಯಂತ್ರದ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. ಹೊಲಿಯುತ್ತಿದ್ದ ಅಂಗಿಯ ಎಡ ತೋಳನ್ನು ಬಲಕ್ಕೆ ಹಚ್ಚಿ, ಬಿಚ್ಚಿ, ಮತ್ತೆ ಬಲಕ್ಕೇ ಹಚ್ಚಿದಳು. ಮದುವೆಯಾದಾಗಿನಿಂದ ಮನೆ ಬದಲಿಸಿ ಬದಲಿಸಿ ಅವಳಿಗೆ ಸಾಕಾಗಿತ್ತು. ಪ್ರತಿ ಸಲವೂ ಗಾಡಿಯ ಮೇಲೆ ಯಂತ್ರ ಹೇರುವಾಗ ಓಣಿಯವರು ಕಿಟಕಿಯಿಂದ ನೋಡುತ್ತಿದ್ದರು. ಆ ನೋಟ ನೆನೆದರೆ ಈಗಲೂ ಅವಳ ಮೈ ಉರಿಯುತ್ತಿತ್ತು.

ಹಾಜಿ ಬೆಳಿಗ್ಗೆಯೇ ಗಂಡ ಬೂಶೈಬನ ಕಿವಿಗೂ ವಿಷಯ ಹಾಕಿದ್ದರು. ಸಂಜೆ ಅವನು ಗೊಬ್ಬರದ ಕಾರ್ಖಾನೆಯ ಪಾಳಿ ಮುಗಿಸಿ ಬಂದ. ಮೆಟ್ಟಿಲಿನಿಂದಲೇ ಕೂಗಿದ.

“ಕಬೀರಾ! ಮನೆ ಸಿಕ್ತು ಕಣೇ!”

“ಎಲ್ಲಿ? ಯಾರದು?”

“ಉಸಿರಾದ್ರೂ ಬಿಡೋಕೆ ಬಿಡು. ಚಹಾ ಅಂಗಡೀಲಿ ಕೂರ್ತಾರಲ್ಲ ಸೀ ಮಿಲೂದ್, ಅವರದು. ಎರಡನೇ ಮಹಡಿ. ಬಾಲ್ಕನಿಯಿಂದ ಸಮುದ್ರ ಕಾಣುತ್ತೆ.”

“ನಿಜವಾಗ್ಲೂ ಕಾಣುತ್ತಾ?”

“ಬಗ್ಗಿ ನೋಡಿದ್ರೆ ಕಾಣುತ್ತೆ. ನಾಲ್ಕು ಜನರ ಮುಂದೆ ಕೈ ಎತ್ತಿ ಫಾತಿಹಾ ಪ್ರಾರ್ಥನೆ ಓದಿಯೂ ಆಯ್ತು, ಶುಭಕ್ಕೆ ಅಂತ ಸಕ್ಕರೆ ಅಚ್ಚು ಕೊಟ್ಟೂ ಆಯ್ತು. ಶುಕ್ರವಾರ ನಮಾಜು ಮುಗಿಸ್ಕೊಂಡು ಅರ್ಬೂನ್ ಕೊಟ್ಟುಬಿಟ್ರೆ ಮನೆ ನಮ್ಮದು.”

ಅರ್ಬೂನ್ ಎಂದರೆ ಮುಂಗಡ, ನಮ್ಮ ಕಡೆಯ ಹಳಬರ ಬಾಯಲ್ಲಿ ಸಂಚಕಾರ. “ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ ಇದ್ದೇ ಇದೆ” ಎಂದ ಬೂಶೈಬ್. “ತಿಂಗಳಾದ್ರೆ ಸಂಬಳ ಬರುತ್ತೆ. ಕೊಡದೆ ಎಲ್ಲಿಗೆ ಹೋಗ್ತಾರೆ?”

“ಅರ್ಬೂನಿಗೆ ದುಡ್ಡು?”

ಅವನು ಅಲಮಾರಿಯ ಕಡೆ ನೋಡಿದ. ಅಲ್ಲಿ ಕಂಬಳಿಗಳ ಕೆಳಗೆ ಕಬೀರಾಳ ಚಿನ್ನದ ಡಾಬು ಇತ್ತು. ತವರೂರು ಅಝಮ್ಮೂರಿನಲ್ಲಿ ಅವಳ ತಾಯಿ ಊರವರ ದಿಂಬುಗಳಿಗೆ ಕಸೂತಿ ಹಾಕಿ ಹಾಕಿ, ಕಣ್ಣು ಮಂಜು ಮಾಡಿಕೊಂಡು, ಮಗಳ ಮದುವೆಗೆಂದು ಮಾಡಿಸಿದ್ದು. ಕಬೀರಾಳಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಮರುದಿನ ಇಹ್ಸಾನ್ ಬಂದಳು. ಕಬೀರಾಳ ಜೊತೆ ಶಾಲೆ ಕಲಿತವಳು. ಈಗ ಬ್ಯಾಂಕಿನಲ್ಲಿ ಮನೆ ಸಾಲದ ವಿಭಾಗದಲ್ಲಿ ಕೆಲಸ. ತಂಗಿಯ ಮದುವೆಗೆ ಹೊಲಿಸುತ್ತಿದ್ದ ಕಫ್ತಾನ್ ನಿಲುವಂಗಿಯ ಅಳತೆ ನೋಡಲು ಬಂದಿದ್ದಳು. ಕಬೀರಾ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ವಿಷಯ ಹೇಳಿದಳು.

“ಅಯ್ಯೋ, ಚುಚ್ಚಿದೆ ಕಣೇ! ನನ್ನ ಸೊಂಟ ಏನು ಪಿನ್ನಿನ ದಿಂಬಾ?” ಎಂದು ಇಹ್ಸಾನ್ ಜಿಗಿದಳು. ಆಮೇಲೆ ಕೇಳಿದಳು, “ಬ್ಯಾಂಕಿಗೆ ಹೋಗಿದ್ರಾ?”

“ಮನೆ ಗೊತ್ತಾದ್ಮೇಲೆ ತಾನೇ ಬ್ಯಾಂಕು?”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರು ನೀವು. ನೀನು ಅಳತೆ ತಗೊಳ್ಳದೆ ಬಟ್ಟೆಗೆ ಕತ್ತರಿ ಹಾಕ್ತೀಯಾ? ಬ್ಯಾಂಕಿನವರು ಎಷ್ಟು ಕೊಡ್ತಾರೆ ಅನ್ನೋದೇ ಅಳತೆ. ಅದು ತಿಳಿದ್ಮೇಲೆ ಮನೆ ಹುಡುಕಬೇಕು. ಕಂತು ಕಟ್ಟಿದ್ಮೇಲೂ ಮನೇಲಿ ಒಲೆ ಉರೀಬೇಕಲ್ಲ. ಸಂಬಳದ ಮೂರನೇ ಒಂದು ಭಾಗ ದಾಟಿದ್ರೆ ಉಸಿರು ಕಟ್ಟುತ್ತೆ. ಅದಿರಲಿ, ಬ್ಯಾಂಕು ಸಾಲ ಕೊಡಲ್ಲ ಅಂದ್ರೆ ಅರ್ಬೂನಿನ ಗತಿ ಏನು?”

“ಮಿಲೂದ್ ವಾಪಸ್ ಕೊಡ್ತಾರೆ. ಒಳ್ಳೆ ಮನುಷ್ಯ.”

“ನೀನು ಒಳ್ಳೆಯವಳಲ್ವಾ? ಹೋದ ಬೇಸಿಗೇಲಿ ಒಬ್ಬ ಹುಡುಗಿ ಮದುವೆ ಮುರೀತು, ಕಫ್ತಾನ್ ಬೇಡ ಅಂದಳು ಅಂತ ಹೇಳಿದ್ದೆಯಲ್ಲ. ಅವಳ ಅರ್ಬೂನ್ ವಾಪಸ್ ಕೊಟ್ಟೆಯಾ?”

“ಯಾಕೆ ಕೊಡ್ಲಿ? ಬಟ್ಟೆ ಕತ್ತರಿಸಿಯಾಗಿತ್ತು. ಅರ್ಬೂನ್ ಅಂದ್ರೇನೇ ಹಾಗೆ ತಾನೇ, ಬೇಡ ಅಂದವರದು ಹೋಯ್ತು...”

ಕಬೀರಾ ಒಂದೊಂದಾಗಿ ಪಿನ್ನುಗಳನ್ನು ಬಾಯಿಂದ ತೆಗೆದು ತಟ್ಟೆಗೆ ಹಾಕಿದಳು. ಆ ಹುಡುಗಿ ಬಾಗಿಲಲ್ಲಿ ನಿಂತು ಅತ್ತದ್ದು ನೆನಪಾಯಿತು. ಕೈ ಸುಮ್ಮನೆ ಸೊಂಟಕ್ಕೆ ಹೋಯಿತು.

“ಹಾಗಾದ್ರೆ ಏನ್ ಮಾಡೋದು?”

“ಅರ್ಬೂನನ್ನ ಮಾರೋರ ಕೈಗೆ ಕೊಡಬೇಡಿ. ನೋಟರಿ ಹತ್ರ ಇಡಿ. ಬ್ಯಾಂಕು ಸಾಲ ಕೊಡದಿದ್ರೆ ಪೂರ್ತಿ ವಾಪಸ್ ಅಂತ ಒಪ್ಪಂದದಲ್ಲೇ ಬರೆಸಿ. ಅದೊಂದು ಸಾಲು ಇದ್ರೆ ನಿನ್ನ ಡಾಬಿಗೆ ಮೋಸ ಇಲ್ಲ. ಇನ್ನೊಂದು, ಮನೆ ಯಾರ ಹೆಸರಲ್ಲಿದೆ ಅಂತ ಭೂ ನೋಂದಣಿ ಕಚೇರೀಲಿ ವಿಚಾರಿಸಿ. ಬ್ಯಾಂಕಿನವರು ಮನೆಯನ್ನೇ ಅಡಮಾನ ಇಟ್ಕೊಂಡು ಸಾಲ ಕೊಡೋದು. ಹೆಸರು ಸರಿ ಇಲ್ಲದ ಮನೆಗೆ ಕೊಡೋದೇ ಇಲ್ಲ.”

“ಪತ್ರದಲ್ಲಿ ಕಮ್ಮಿ ಬೆಲೆ ಬರೆದು, ಮಿಕ್ಕಿದ್ದು ಬ್ಲ್ಯಾಕಲ್ಲಿ ಕೊಡಿ ಅಂದಿದಾರಂತೆ ಮಿಲೂದ್.”

“ಬರೆದ ಬೆಲೆಗೇ ನಾವು ಸಾಲ ಕೊಡೋದು. ಬರೀದೇ ಇರೋದನ್ನ ಎಲ್ಲಿಂದ ತರ್ತೀರ? ನಾಳೆ ವ್ಯವಹಾರ ಮುರಿದ್ರೆ ಯಾವ ಬಾಯಲ್ಲಿ ಕೇಳ್ತೀರ? ನೋಂದಣಿ ಖರ್ಚು, ನೋಟರಿ ಖರ್ಚು, ವಿಮೆ ಎಲ್ಲಾ ಬೇರೆ ಇದೆ. ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.”

“ಬೂಶೈಬ್ ಫಾತಿಹಾ ಓದಿಬಿಟ್ಟಿದಾನಲ್ಲೇ.”

“ಒಳ್ಳೇದಾಗ್ಲಿ, ಬರಕತ್ ಇರಲಿ ಅಂತ ಓದೋದು. ನೋಟರಿ ಕೆಲಸವನ್ನೂ ದೇವರ ತಲೆಗೇ ಕಟ್ಟೋದು ಯಾವ ನ್ಯಾಯ?”

ಸಂಜೆ ಕಬೀರಾಳಿಂದ ಇದನ್ನೆಲ್ಲ ಕೇಳಿದ ಬೂಶೈಬ್ ಸಿಡಿದ.

“ಬ್ಯಾಂಕಿನವರಿಗೆ ಹೆತ್ತಪ್ಪನ ಮೇಲೂ ನಂಬಿಕೆ ಇಲ್ಲ! ನಾಲ್ಕು ಜನರೆದುರು ಕೈ ಎತ್ತಿದೀನಿ. ಈಗ ಕಾಗದ ಬರೀರಿ ಅಂದ್ರೆ ನನ್ನ ಮುಖಕ್ಕೆ ಏನು ಬೆಲೆ?”

“ನಿನ್ನ ಮುಖದ ಬೆಲೆಗೆ ನನ್ನ ಡಾಬೇ ಬೇಕಾ?”

“ಬಕ್ರೀದ್ ಆದ್ಮೇಲೆ ಬೀದೀಲಿ ಮಲಗೋಣವಾ ಹಾಗಾದ್ರೆ?”

ಕಬೀರಾಳಿಗೂ ಅದೇ ಭಯ. ಶುಕ್ರವಾರದವರೆಗೆ ಅವಳು ಯಂತ್ರದ ಮುಂದೆ ಕೂರಲಿಲ್ಲ. ಡಾಬು ತೆಗೆಯುವುದು, ಒರೆಸುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಮಕ್ಕಳು ಊಟ ಕೇಳಿದರೆ ರೇಗುವುದು, ರೇಗಿದ್ದಕ್ಕೆ ತಾನೇ ಮುದ್ದು ಮಾಡುವುದು. ಕೊನೆಗೆ ಶುಕ್ರವಾರ ಡಾಬನ್ನು ಸೊಂಟಕ್ಕೆ ಕಟ್ಟಿ, ಮೇಲೆ ಜಲ್ಲಾಬಾ ಹಾಕಿಕೊಂಡು ನಿಂತಳು.

“ನಾನೂ ಬರ್ತೀನಿ. ನಾನು ಕೇಳೋದಕ್ಕೆ ಮಿಲೂದ್ ಸರಿಯಾಗಿ ಉತ್ತರ ಕೊಟ್ರೆ, ಅಲ್ಲಿಂದಲೇ ಅಕ್ಕಸಾಲಿಗರ ಅಂಗಡಿಗೆ ಹೋಗೋಣ.”

ಮಿಲೂದ್ ಮನೆಯಲ್ಲಿ ಗೋಧಿ ರವೆಯ ಕುಸ್ಕುಸ್ ಹಬೆಯಾಡುತ್ತಿತ್ತು. ಮಜ್ಜಿಗೆ, ಸಿಹಿಗುಂಬಳ, ಕಡಲೆ ಎಲ್ಲ ಇತ್ತು. ಮಿಲೂದ್ ಬೂಶೈಬನ ಕೈಹಿಡಿದು ಕೂರಿಸಿದ. ಇಷ್ಟೊಂದು ಆದರ ಮಾಡುವವನ ಎದುರು ಕೇಳುವುದು ಹೇಗೆಂದು ಕಬೀರಾ ಹಿಂಜರಿದಳು. ಆದರೂ ಕೇಳಿದಳು.

“ಸೀ ಮಿಲೂದ್, ಬ್ಯಾಂಕು ಸಾಲ ಕೊಡದಿದ್ರೆ ಅರ್ಬೂನ್ ವಾಪಸ್ ಅಂತ ನೋಟರಿ ಹತ್ರ ಬರೆಸೋಣವಾ?”

ಮಿಲೂದ್ ನಕ್ಕ. “ಅರ್ಬೂನ್ ವಾಪಸ್ ಕೊಡೋದು ಯಾವ ಊರಿನ ಪದ್ಧತಿ ತಂಗೀ? ತಿನ್ನು, ಆರಿ ಹೋಗುತ್ತೆ. ಇನ್ನೊಬ್ಬರು ದುಡ್ಡು ಹಿಡ್ಕೊಂಡು ಕಾಯ್ತಿದಾರೆ, ನಿಮ್ಮ ಮೇಲಿನ ಪ್ರೀತಿಗೆ ತಡೆದಿದೀನಿ.”

“ಮನೆ ನಿಮ್ಮ ಹೆಸರಲ್ಲೇ ಇದೆ ಅಲ್ವಾ?”

“ನಮ್ಮಪ್ಪನದು. ಅಪ್ಪ ಹೋದ್ಮೇಲೆ ಇನ್ಯಾರದು, ನನ್ನದೇ.”

“ಅಕ್ಕತಂಗಿಯರು ಇಲ್ವಾ?”

“ಇಬ್ಬರಿದಾರೆ. ಒಬ್ಬಳು ಇಲ್ಲೇ, ಒಬ್ಬಳು ಸಮುದ್ರದಾಚೆ ಮಾರ್ಸೇಲಲ್ಲಿ. ಅಪ್ಪ ಸತ್ತಾಗಿನಿಂದ ಅವಳಿಗೂ ನನಗೂ ಮಾತಿಲ್ಲ. ಅವಳೇನು ಅಂತಾಳೆ ಬಿಡು.”

ಬಾಯಿಗೆ ಹೋಗುತ್ತಿದ್ದ ಬೂಶೈಬನ ತುತ್ತು ಕೈಯಲ್ಲೇ ಉಳಿಯಿತು. ಅವನಿಗೂ ಅಕ್ಕ ಇದ್ದಳು. ಅಪ್ಪನ ಹೊಲದಲ್ಲಿ ತನ್ನ ಪಾಲಿಗಾಗಿ ಅವಳು ಜಗಳ ಕಾದದ್ದು ಊರಿಗೆಲ್ಲ ಗೊತ್ತಿತ್ತು.

“ಅವರಿಬ್ಬರೂ ಸಹಿ ಹಾಕ್ತಾರಾ ಸೀ ಮಿಲೂದ್?” ಎಂದು ಈಗ ಅವನೇ ಕೇಳಿದ.

“ಹಾಕಿಸೋಣ. ಇವತ್ತಲ್ಲ ನಾಳೆ.”

“ಹಾಗಾದ್ರೆ ಅರ್ಬೂನೂ ನಾಳೆಯೇ ಕೊಡೋಣ” ಎಂದ ಬೂಶೈಬ್. ಮಿಲೂದನ ಮುಖ ಗಂಟಾಯಿತು. ಚಹಾ ಬರಲಿಲ್ಲ.

ಸಮುದ್ರದ ಗೋಡೆಯ ಪಕ್ಕ ನಡೆದು ಬರುವಾಗ ಗಾಳಿ ಜೋರಾಗಿತ್ತು. ಬೂಶೈಬ್ ಮುಂದೆ ಮುಂದೆ ನಡೆದ. ತಿರುವಿನಲ್ಲಿ ನಿಂತು, “ಮನೆ ಹೋಯ್ತು. ಸಮಾಧಾನ ಆಯ್ತಾ?” ಎಂದ. ಇನ್ನಷ್ಟು ದೂರ ನಡೆದ ಮೇಲೆ ಕಡಲಿನ ಕಡೆ ನೋಡುತ್ತಲೇ ಕೇಳಿದ, “ಆ ನಿನ್ನ ಇಹ್ಸಾನ್ ಇನ್ನೇನು ಹೇಳಿದಳು?”

ಸೋಮವಾರ ಇಬ್ಬರೂ ಅವಳ ಬ್ಯಾಂಕಿಗೆ ಹೋದರು. ಬಡ್ಡಿ ಎಂಬ ಮಾತಿಗೇ ಬೂಶೈಬ್ ಮುಖ ಸಿಂಡರಿಸಿದ. “ಬಡ್ಡಿ ಬೇಡ ಅನ್ನೋರಿಗೆ ಬೇರೆ ದಾರಿ ಇದೆ ಅಣ್ಣ” ಎಂದಳು ಇಹ್ಸಾನ್. “ಬ್ಯಾಂಕೇ ಮನೆ ಕೊಂಡು, ಲಾಭ ಇಟ್ಟು, ನಿಮಗೆ ಕಂತಿನಲ್ಲಿ ಮಾರುತ್ತೆ. ಎರಡನ್ನೂ ಕೇಳಿ, ಕೊನೆಗೆ ಒಟ್ಟು ಎಷ್ಟು ಕಟ್ಟಬೇಕಾಗುತ್ತೆ ಅಂತ ಹೋಲಿಸಿ ನೋಡಿ. ಈಗ ಹೇಳಿ, ಬೇರೆ ಸಾಲ ಏನಾದ್ರೂ ಇದೆಯಾ?”

“ಒಂದೂ ಇಲ್ಲ” ಎಂದ ಎದೆ ಉಬ್ಬಿಸಿ.

“ಯಾರಿಗಾದ್ರೂ ಜಾಮೀನು ನಿಂತಿದೀರಾ?”

ಬೂಶೈಬ್ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. “ತಮ್ಮ ರಹ್ಹಾಲ್ ವ್ಯಾನ್ ತಗೊಂಡಾಗ... ಬರೀ ಒಂದು ಸಹಿ.”

“ಬರೀ ಸಹಿಯಾ!” ಎಂದಳು ಕಬೀರಾ. ಅವಳಿಗೆ ಈ ವಿಷಯವೇ ಗೊತ್ತಿರಲಿಲ್ಲ.

ತಮ್ಮನ ಸಾಲದ ಹೊಣೆಯನ್ನೂ ಬ್ಯಾಂಕು ಅವನ ಲೆಕ್ಕಕ್ಕೇ ಹಿಡಿಯಿತು. ಆ ಬರೀ ಸಹಿಯಿಂದ, ಅವನು ಮನಸ್ಸಿನಲ್ಲಿ ಎಣಿಸಿದ್ದಷ್ಟು ಸಾಲ ಸಿಗುವಂತಿರಲಿಲ್ಲ. ಮಿಲೂದನ ಮನೆಗೆ ಹೇಗೂ ಎಟುಕುತ್ತಿರಲಿಲ್ಲ. ಶುಕ್ರವಾರ ಅರ್ಬೂನ್ ಕೊಟ್ಟಿದ್ದರೆ? ಬೂಶೈಬ್ ತಲೆ ತಗ್ಗಿಸಿ ಹೇಳಿದ, “ನಿನ್ನ ತಾಯಿಯ ಕಣ್ಣು ಮಾರಿಬಿಡ್ತಿದ್ದೆ ನಾನು.”

ಆಮೇಲೆ ಅಳತೆ ಹಿಡಿದು ಹುಡುಕಾಟ ಶುರುವಾಯಿತು. ಒಂದು ಮನೆಗೆ ಬೆಳಕಿಲ್ಲ, ಇನ್ನೊಂದಕ್ಕೆ ಹೆಸರು ಸರಿಯಿಲ್ಲ. ಬಕ್ರೀದ್ ಬಂತು, ಹೋಯಿತು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಕಬೀರಾ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಒಂದು ದಿನ ಹಾಜಿ ಕೆಮ್ಮಿದರು. “ಹುಡುಗ ಸ್ವಲ್ಪ ದಿನ ನಮ್ಮ ಜೊತೆಗೇ ಇರ್ತಾನೆ ಬಿಡಮ್ಮ. ಆದ್ರೆ ಬೇಗ ನೋಡ್ಕೊಳ್ಳಿ” ಎಂದರು. ಅಂಗಲಾಚದೆ ಸಿಕ್ಕ ಆ ಬಿಡುವಿಗೆ ಅವಳು ಅತ್ತೇಬಿಟ್ಟಳು.

ಕೊನೆಗೆ ಸಿಕ್ಕಿದ್ದು ಮೂರನೇ ಮಹಡಿಯ ಸಣ್ಣ ಮನೆ. ಬಗ್ಗಿದರೂ ಸಮುದ್ರ ಕಾಣುವುದಿಲ್ಲ. ಆದರೆ ಮಾರುವಾಕೆ, ನಿವೃತ್ತ ಟೀಚರ್ ಲಾಲ್ಲಾ ರಖಿಯ್ಯಾ, ತನ್ನ ಒಬ್ಬಳದೇ ಹೆಸರಿನಲ್ಲಿದ್ದ ಮನೆಯನ್ನು ಪೂರ್ತಿ ಬೆಲೆ ಬರೆದೇ ಮಾರಲು ಒಪ್ಪಿದಳು. ಮೊದಲೇ ನೋಂದಣಿ ಕಚೇರಿಯಲ್ಲಿ ವಿಚಾರಿಸಿದರು. ಆಮೇಲೆ ಡಾಬು ಅಕ್ಕಸಾಲಿಗರ ಅಂಗಡಿಗೆ ಹೋಯಿತು. ತಕ್ಕಡಿಯ ಕಡೆ ನೋಡಲಾರದೆ ಕಬೀರಾ ಬೀದಿಯ ಕಡೆ ಮುಖ ಮಾಡಿ ನಿಂತಿದ್ದಳು.

ನೋಟರಿ ಒಪ್ಪಂದ ಓದಿದರು. ಬ್ಯಾಂಕು ಸಾಲ ಕೊಡದಿದ್ದರೆ ಮುಂಗಡ ಪೂರ್ತಿ ವಾಪಸ್. ಆ ಸಾಲನ್ನು ಬೂಶೈಬ್ ಇನ್ನೊಮ್ಮೆ ಓದಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

“ಕೊಳ್ಳೋರ ಹೆಸರು ಒಂದೇ ಇದೆಯಲ್ಲ. ಇವಳದ್ದೂ ಬರೀರಿ. ಡಾಬು ಇವಳದು.”

ಬ್ಯಾಂಕಿನ ಉತ್ತರಕ್ಕೆ ಕಾಯುವಾಗಲೂ ಕಬೀರಾಳಿಗೆ ಊಟ ಸೇರಲಿಲ್ಲ. ಅಳತೆ ತಗೊಂಡೇ ಕತ್ತರಿಸಿದರೂ ಬಟ್ಟೆ ಮೈಗೆ ಹಾಕಿ ನೋಡುವವರೆಗೆ ದರ್ಜಿಗೆ ನೆಮ್ಮದಿ ಇಲ್ಲ. ಸಾಲ ಮಂಜೂರಾಯಿತು, ಪತ್ರಕ್ಕೆ ಸಹಿಯಾಯಿತು, ಬೀಗದ ಕೈ ಬಂತು. ಖಾಲಿ ಕೋಣೆಯಲ್ಲಿ ಬೂಶೈಬ್ ಸಕ್ಕರೆ ಅಚ್ಚು ಇಟ್ಟು ಕೈ ಎತ್ತಿದ.

“ಬಾ, ಈಗ ಓದೋಣ ಫಾತಿಹಾ.”

ಓದಿ ಮುಗಿದಾಗ ಕಬೀರಾಳ ಕೈ ಅಭ್ಯಾಸದಂತೆ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅದೇ ಕೈಯನ್ನು ಅವಳು ಗೋಡೆಯ ಮೇಲಿಟ್ಟಳು. ಇಲ್ಲಿಂದ ಇನ್ನು ಯಂತ್ರ ಹೊರಬೇಕಾಗಿಲ್ಲ ಎಂದುಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ನಮ್ಮ ಕನ್ನಡದಲ್ಲಿ ಮುಂಗಡಕ್ಕೂ ಸಂಚಕಾರ ಅನ್ನುತ್ತೇವೆ, ತಲೆಗೆ ಬರುವ ಕುತ್ತಿಗೂ ಸಂಚಕಾರ ಅನ್ನುತ್ತೇವೆ. ಎರಡರ ನಡುವೆ ಇರುವುದು ಒಪ್ಪಂದದ ಒಂದು ಸಾಲು ಮಾತ್ರ. ಮೊದಲು ಬ್ಯಾಂಕಿಗೆ ಹೋಗಿ ನಿಮ್ಮ ಅಳತೆ ತಿಳಿದುಕೊಳ್ಳಿ. ಮನೆ ಯಾರ ಹೆಸರಿನಲ್ಲಿದೆ, ಪಾಲುದಾರರು ಎಷ್ಟು ಜನ ಎಂದು ವಿಚಾರಿಸಿ. ನೀವು ಯಾರಿಗೆ ಜಾಮೀನು ನಿಂತಿದ್ದೀರಿ ಎಂದು ಮನೆಯವರಿಗೆ ಮುಚ್ಚಿಡಬೇಡಿ. ಪೂರ್ತಿ ಬೆಲೆ ಬರೆಸಿ. ಸಾಲ ಸಿಗದಿದ್ದರೆ ಮುಂಗಡ ವಾಪಸ್ ಎಂದೂ ಬರೆಸಿ. ಕೇಳಲು ನಾಚಿಕೆಯಾದರೆ ಕಬೀರಾಳನ್ನು ನೆನೆಯಿರಿ. ಅವರ ಮನೆಯ ಅನ್ನ ತಿನ್ನುತ್ತಲೇ ಕೇಳಿದವಳು ಅವಳು. ಹೆಂಡತಿಯ ಒಡವೆ ಹಾಕಿ ಕೊಂಡ ಮನೆಯಾದರೆ, ಪತ್ರದಲ್ಲಿ ಅವಳ ಹೆಸರನ್ನೂ ಬರೆಸುವುದನ್ನು ಮರೆಯಬೇಡಿ.