ತುಕ್ಕಿನ ಮೇಲಿನ ಕಪ್ಪು

"ತುಕ್ಕು ಕೆರೆದಿದ್ದೀನಿ ಅಂತ ನನ್ನ ಮುಖ ನೋಡ್ಕೊಂಡು ಇನ್ನೊಂದು ಸಲ ಹೇಳಿ, ನೋಡೋಣ!"

ಲಿಫ್ಟಿನ ಮೇಲೆ ನಿಂತಿದ್ದ ವ್ಯಾನಿನ ಅಡಿಯಿಂದ ಮೆಕ್ಯಾನಿಕ್‌ನ ಹೆಂಡತಿ ಕೂಗಿದಳು. ಅವನು ಸ್ಪ್ರೇ ಗನ್ ಕೆಳಗಿಡಲಿಲ್ಲ. "ಕೆರೆದಿದ್ದೀನಿ ಅಂದ್ನಲ್ಲ. ಕಿವಿ ಏನು ಬಾಡಿಗೆಗೆ ಕೊಟ್ಟಿದ್ದೀಯಾ?"

"ಕೆರೆದಿದ್ರೆ ನೆಲದ ಮೇಲೆ ಪುಡಿ ಎಲ್ಲಿ? ವೈರ್ ಬ್ರಷ್ ಗೋಡೆ ಮೊಳೆಯಿಂದ ಇಳಿದೇ ಇಲ್ಲ. ಜೇಡ ಬಲೆ ಕಟ್ಟಿದೆ ಅದಕ್ಕೆ."

ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಗೆ ಹೊಡೆಯುವ ಕಪ್ಪು ಬಣ್ಣ ಸೈಲೆನ್ಸರಿಗೂ ಬ್ರೇಕಿಗೂ ತಾಗದಂತೆ ಬೆಳಿಗ್ಗೆ ಹಳೇ ಪೇಪರು ಸುತ್ತಿದವಳು ಅವಳೇ. ಹಿಂದಿನ ಮನೆಗೆ ಹೋಗಿ ಒಲೆಯ ಮೇಲೆ ಅಡುಗೆಗಿಟ್ಟು ಬರುವಷ್ಟರಲ್ಲಿ ಗಾಡಿಯ ಅಡಿಯೆಲ್ಲ ಹೊಸ ಡಾಂಬರು ರಸ್ತೆಯ ಹಾಗೆ ಮಿನುಗುತ್ತಿತ್ತು. ಅವಳ ತಮ್ಮ ಸಂಜೆ ಬಂದು ವ್ಯಾನು ಒಯ್ಯುವವನಿದ್ದ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದಿನವೂ ಜಲ್ಲಿ ರಸ್ತೆಯಲ್ಲಿ ಓಡಾಡಬೇಕಾದವನು. ಭಾವ ಕೊಡುವ ಗಾಡಿ ಎಂದು ಬಗ್ಗಿ ಕೂಡ ನೋಡಿರಲಿಲ್ಲ.

"ತುಕ್ಕಿನ ಮೇಲೆ ಬಳಿದ್ರೆ ಒಳಗೊಳಗೇ ನೀರು ಕೂತು ತಿನ್ನುತ್ತೆ ಅಂತ ನನಗೆ ಹೇಳ್ಕೊಟ್ಟಿದ್ದು ನೀವೇ."

"ಎಷ್ಟೋ ಜನಕ್ಕೆ ಹೀಗೇ ಬಳಿದು ಕೊಟ್ಟಿದ್ದೀನಿ. ಯಾರಾದ್ರೂ ಸತ್ರಾ?"

"ಗೊತ್ತಿಲ್ಲ. ನೀವು ಹೋಗಿ ನೋಡಿದ್ರಾ?"

ಮಾತು ನಾಟಿತು. "ಏನು ದೊಡ್ಡ ಸತ್ಯವಂತೆ! ಆ ಗಾಡಿಗಳಿಗೆಲ್ಲ ಪೇಪರು ಅಂಟಿಸಿದ್ದು ಯಾರೇ? ಆಗ ಬಾಯಿಗೂ ಒಂದು ಅಂಟಿಸ್ಕೊಂಡಿದ್ಯಾ? ತಮ್ಮನ ಸರದಿ ಬಂದಾಗ ಕಣ್ಣು ಬಂತಾ?"

ಅವಳು ಮೇಜಿನ ಮೇಲಿದ್ದ ಉದ್ದನೆಯ ಸ್ಕ್ರೂ ಡ್ರೈವರ್ ತೆಗೆದುಕೊಂಡು ಹಿಡಿಯಿಂದ ಗಾಲಿಯ ಮೇಲಿನ ಕಮಾನನ್ನು ಬಡಿಯುತ್ತಾ ಬಂದಳು. ಠಣ್, ಠಣ್ ಎಂದಿತು. ಹಿಂದಿನ ಸೀಟಿನ ಅಡಿಗೆ ಬಂದಾಗ ಥಪ್ ಎಂದಿತು. ತಿರುಗಿಸಿ ಮೊನೆ ಒತ್ತಿದಳು. ನೆನೆದ ರಟ್ಟಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ಕೆಂಪು ಪುಡಿ ಅವಳ ಕೂದಲಿಗೆ, ರೆಪ್ಪೆಗೆ ಉದುರಿತು.

"ಮಕ್ಕಳು ಕಾಲಿಡೋ ಜಾಗ," ಅಂದಳು.

"ಒಂದು ತಗಡು ಬಡಿದು ಇನ್ನೊಂದು ಕೋಟ್ ಹೊಡೆದ್ರೆ ನಿನ್ನ ತಮ್ಮನಿಗಿರಲಿ, ಅವನಪ್ಪನಿಗೂ ಗೊತ್ತಾಗಲ್ಲ."

"ಯಾರಪ್ಪನಿಗೆ? ನನ್ನ ತಮ್ಮನಪ್ಪ ನನಗೂ ಅಪ್ಪಾನೇ."

ಸ್ಕ್ರೂ ಡ್ರೈವರನ್ನು ಅಲ್ಲೇ ಬಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಮನೆಯ ಕಡೆಗಲ್ಲ, ರಸ್ತೆಯ ಕಡೆಗೆ ನಡೆದಳು.

"ಹೋಗೇ, ಹೋಗು! ಒಲೆ ಮೇಲಿಟ್ಟಿದ್ದು ಸೀದ್ರೆ ನೀನೇ ಓಡಿ ಬರ್ತೀಯ!"

ಸೀದ ವಾಸನೆ ಬಂತು. ಅವನೇ ಹೋಗಿ ಒಲೆ ಆರಿಸಿದ.

ಸಂಜೆಯಾದರೂ ಅವಳು ಬರಲಿಲ್ಲ, ವ್ಯಾನು ಒಯ್ಯಲು ಅವಳ ತಮ್ಮನೂ ಬರಲಿಲ್ಲ. ಬೆಳಕು ಕಂತುವ ಹೊತ್ತಿಗೆ ಮೆಕ್ಯಾನಿಕ್ ಬ್ರೇಕಿನ ಪೇಪರು ಕೀಳಲು ನಿಂತ. ಒಂದೇ ಎಳೆತಕ್ಕೆ ಬಿಚ್ಚುವಂತೆ ಅವಳು ತುದಿಗಳನ್ನು ಮಡಚಿಟ್ಟಿದ್ದಳು. ಒಂದನ್ನು ಎಳೆದ. ಒಳಗೆ ಒಂದು ಹನಿ ಕಪ್ಪೂ ತಾಗಿರಲಿಲ್ಲ.

ಆಚೆ, ತಗಡಿಗೆ ನೆಟ್ಟ ಸ್ಕ್ರೂ ಡ್ರೈವರಿನ ಹಿಡಿಯ ಮೇಲೆ ಇನ್ನೂ ಆರದ ಕಪ್ಪು ಇಳಿದು ಬಂದು ತುದಿಯಲ್ಲಿ ದಪ್ಪಗೆ ಕೂಡಿಕೊಳ್ಳುತ್ತಿತ್ತು. ಹನಿ ಇನ್ನೂ ಬಿದ್ದಿರಲಿಲ್ಲ.